ಮಾತ್ರೆ ನುಂಗಿದರೂ ಏರದ ರಕ್ತ

ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. 'ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು ಹೇಳಿ' ಎನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಮೊಬೈಲಿಗೆ ಹೋಗಿರುತ್ತದೆ. ಬರೆದುಕೊಟ್ಟರೆ ಅದೇ ಮೊಬೈಲಿನಲ್ಲಾದರೂ ಓದಿಕೊಳ್ಳಲಿ ಎಂದು ಈಗ ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಎಂಬುದರಿಂದ ನಿಮಗೆ ಏನೂ ಪ್ರಯೋಜನವಿಲ್ಲ, ಅದನ್ನು ಬಿಟ್ಟಿದ್ದೇನೆ. ಬಸುರಿಯರ ರಕ್ತದ ವಿಷಯ ಹೇಳುತ್ತೇನೆ. ಎಪ್ಪತ್ತರ ದಶಕದ ಮಧ್ಯದಿಂದ ಎಂಬತ್ತರ ದಶಕ ಮುಗಿಯುವವರೆಗೆ ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ನಾನು ಚುಚ್ಚಿದ ಬೆರಳುಗಳಲ್ಲಿ ಹೆಚ್ಚಿನವು ಅವರವೇ. ಮಕ್ಕಳು ನನ್ನನ್ನು ಬೀದಿಯಲ್ಲಿ ಕಂಡರೆ 'ಚುಚ್ಚೋ ಮೇಷ್ಟ್ರು ಬಂದ್ರು' ಎಂದು ಓಡುತ್ತಿದ್ದವು. ದೊಡ್ಡವರೂ ಅದೇ ಹೆಸರನ್ನು ಖಾಯಂ ಮಾಡಿಬಿಟ್ಟರು.

ಕಡೂರಿನಲ್ಲಿ ಕೆಲಸ ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಒಂದು ಪುಟ್ಟ ಪುಸ್ತಕ. ಅದರಲ್ಲಿ ಒತ್ತುಕಾಗದದ ಹಾಳೆಗಳು, ಕೊನೆಯಲ್ಲಿ ತಿಳಿಗೆಂಪಿನಿಂದ ಕಡುಗೆಂಪಿನವರೆಗೆ ಅಚ್ಚು ಹಾಕಿದ ಬಣ್ಣದ ಪಟ್ಟಿಗಳು. ಬೆರಳು ಚುಚ್ಚಿ ಒಂದು ತೊಟ್ಟು ರಕ್ತವನ್ನು ಕಾಗದಕ್ಕೆ ಒತ್ತಬೇಕು, ಯಾವ ಪಟ್ಟಿಗೆ ಹೋಲುತ್ತದೋ ನೋಡಬೇಕು, ಅಷ್ಟೇ ಪರೀಕ್ಷೆ. ಮೋಡ ಕವಿದರೆ ಎಲ್ಲರಿಗೂ ರಕ್ತ ಹೆಚ್ಚಾಗುತ್ತಿತ್ತು, ಬಿಸಿಲು ಬಂದರೆ ಕಡಿಮೆಯಾಗುತ್ತಿತ್ತು. ಅಲ್ಲಿನ ಹಿರಿಯ ಡಾಕ್ಟರಿಗೆ ಈ ಕಾಗದದ ಮೇಲೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ಕೆಳಗಿನ ರೆಪ್ಪೆ ಜಗ್ಗಿ ನೋಡಿ 'ಎಂಟು ಗ್ರಾಂ' ಎಂದು ತಾವೇ ಸಾರಿಬಿಡುತ್ತಿದ್ದರು. ನಾನು ಒಂಬತ್ತು ಎಂದು ಬರೆದುಕೊಟ್ಟರೆ, 'ನಿನ್ನ ಕಾಗದಕ್ಕೇ ಕಾಮಾಲೆ ಬಂದಿದೆ ಕಣಯ್ಯಾ, ಮೊದಲು ಅದಕ್ಕೆ ಔಷಧಿ ಕೊಡು' ಎನ್ನುತ್ತಿದ್ದರು. ನಮ್ಮಿಬ್ಬರಲ್ಲಿ ಯಾರು ಸರಿ ಎಂದು ಇವತ್ತಿಗೂ ಗೊತ್ತಿಲ್ಲ. ಇಬ್ಬರೂ ತಪ್ಪಿರುವ ಸಾಧ್ಯತೆಯೇ ಜಾಸ್ತಿ.

ಹಿರೇನಲ್ಲೂರಿಗೆ ಒಮ್ಮೆ ಕ್ಯಾಂಪ್ ಹೋಗಿದ್ದೆವು. ಶಾಲೆಯ ಜಗಲಿಯ ಮೇಲೆ ನಾನು ಸೂಜಿ ಹಿಡಿದು ಕೂತಿದ್ದೆ. ಸೊಸೆಯನ್ನು ಕರೆತಂದ ಒಬ್ಬ ಅಜ್ಜಿ ನನ್ನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತಳು. 'ಅಲ್ಲ ಕಣಪ್ಪಾ, ಇವಳಿಗೆ ರಕ್ತ ಇಲ್ಲ ಅಂತ ನೀವೇ ಅಂತೀರ. ಇರೋದ್ರಾಗೂ ಕಿತ್ಕಂಡ್ರೆ ಇವಳಿಗೇನ್ ಉಳೀತದೆ?' ಎಂದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ಹೌದಲ್ಲ ಎನ್ನುವ ಹಾಗೆ ನನ್ನ ಕಡೆ ನೋಡಿದರು. ನಾನು ಮೊದಲು ನನ್ನ ಬೆರಳನ್ನೇ ಚುಚ್ಚಿಕೊಂಡೆ, ಆಮೇಲೆ ಅಜ್ಜಿಯದನ್ನು. ಅಜ್ಜಿಯ ರಕ್ತ ನನ್ನದಕ್ಕಿಂತ ಕೆಂಪಗಿತ್ತು. ಅದರಿಂದ ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸಂಜೆಯವರೆಗೂ ತಾನೇ ನಿಂತು ಸಾಲು ನೋಡಿಕೊಂಡಳು.

ತರೀಕೆರೆಗೆ ವರ್ಗವಾದ ಮೇಲೆ ಗಾಜಿನ ನಳಿಕೆಯ ವಿಧಾನ ಬಂತು. ಸಪೂರವಾದ ಕೊಳವೆಯಲ್ಲಿ ರಕ್ತವನ್ನು ಗುರುತಿನವರೆಗೆ ಬಾಯಿಂದ ಎಳೆದು, ನಳಿಕೆಯಲ್ಲಿದ್ದ ಆಸಿಡ್ಡಿಗೆ ಬಿಟ್ಟರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಸಮವಾಗುವವರೆಗೂ ತೊಟ್ಟು ತೊಟ್ಟಾಗಿ ನೀರು ಬೆರೆಸಬೇಕು. ರಕ್ತ ಚೆನ್ನಾಗಿರುವವರದ್ದು ಡಿಕಾಕ್ಷನ್ ಬಣ್ಣ, ಇಲ್ಲದವರದ್ದು ಹೋಟೆಲಿನ ಎರಡನೇ ಸಲದ ಟೀ. ಸ್ವಲ್ಪ ಜೋರಾಗಿ ಎಳೆದರೆ ರಕ್ತ ಬಾಯಿಗೇ ಬರುತ್ತಿತ್ತು. ಆಸ್ಪತ್ರೆಯ ಜವಾನ ಬಾಗಿಲಲ್ಲಿ ನಿಂತು, 'ಇವತ್ತು ಉಪ್ಪು ಸಾಲ್ದಾಗಿತ್ತಾ ಸಾರ್?' ಎಂದು ಕೇಳುತ್ತಿದ್ದ. ಈಗ ಹಾಗೆ ಬಾಯಿಟ್ಟರೆ ನಿಮ್ಮನ್ನು ಕೆಲಸದಿಂದ ತೆಗೆಯುತ್ತಾರೆ, ತೆಗೆಯಬೇಕು ಕೂಡ.

ಕಬ್ಬಿಣದ ಮಾತ್ರೆ ಹಂಚುವುದು ಆಗ ಜೋರಾಗಿತ್ತು. ಅದನ್ನು ನುಂಗಿದವರಿಗೆ ಮಲ ಕಪ್ಪಗೆ ಹೋಗುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ಫಜೀತಿ. ಲಿಂಗದಹಳ್ಳಿ ಕಡೆಯ ಒಬ್ಬ ಗಂಡ ಹೆಂಡತಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು, 'ಒಳಗೆಲ್ಲ ಸುಟ್ಟು ಕರಕಲಾಗೈತೆ ಸಾಮಿ' ಎಂದು ಅಂಗಳದಲ್ಲೇ ಗೋಳೋ ಎಂದು ಅತ್ತುಬಿಟ್ಟ. ಅವನ ಹೆಂಡತಿ ಪಕ್ಕದಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಿದ್ದಳು. ಅಂದಿನಿಂದ ನಾವು ಮಾತ್ರೆ ಕೊಡುವಾಗಲೇ 'ಕಪ್ಪಗೆ ಹೋದರೆ ಮಾತ್ರೆ ಒಳಗೆ ಹೋಗಿದೆ ಅಂತ ಅರ್ಥ' ಎಂದು ಹೇಳುವ ರೂಢಿ ಮಾಡಿಕೊಂಡೆವು. ಹಾಗೆ ಹೇಳಿಕೊಟ್ಟವರಿಗೇ ಆ ಮಾತು ಒಂದು ದಿನ ತಲೆನೋವಾಯಿತು. ಅದು ನಾನು ಅಜ್ಜಂಪುರಕ್ಕೆ ಹೋದ ಮೇಲೆ.

ಅಜ್ಜಂಪುರದಲ್ಲಿ ನನ್ನ ಮೇಲಿದ್ದವರು ಒಬ್ಬ ಡಾಕ್ಟರಮ್ಮ. ಗಿಡ್ಡ ಆಳು, ಗಂಟಲು ಮಾತ್ರ ರೈಲ್ವೆ ಸ್ಟೇಷನ್ನಿನವರೆಗೆ ಕೇಳುವಂಥದ್ದು. ಬೈದರೆ ಬೈಸಿಕೊಂಡವರಿಗಿಂತ ಮುಂಚೆ ತಾವೇ ಮರೆತುಬಿಡುವವರು. ನಾನು ವರ್ಷಗಟ್ಟಲೆ ಬಸುರಿಯರ ರಕ್ತ ಅಳೆದಿದ್ದೆ, ಆದರೆ ಆ ರಕ್ತ ಯಾಕೆ ತೆಳ್ಳಗಾಗುತ್ತದೆ ಎಂದು ನನಗೆ ಬಿಡಿಸಿ ಹೇಳಿದವರು ಅವರೊಬ್ಬರೇ.

'ನೋಡ್ರೀ, ಬಸುರಿ ಮೈ ಅಂದ್ರೆ ನೆಂಟರು ಬರೋ ಮನೆ. ಅಡುಗೆಯವಳು ಮೊದಲು ಏನ್ ಮಾಡ್ತಾಳೆ? ಸಾರಿಗೆ ನೀರು ಸುರೀತಾಳೆ. ಹಾಗೇ ಮೈಯಲ್ಲಿ ಮೊದಲು ರಕ್ತದ ನೀರು ಹೆಚ್ಚುತ್ತೆ. ಆಮೇಲೆ ಬೇಳೆ ಬೇಯಿಸಿ ಹಾಕಬೇಕು. ಇನ್ನಷ್ಟು ಕೆಂಪು ಕಣ ಮಾಡು ಅಂತ ಮೂತ್ರಪಿಂಡದಿಂದ ಅಪ್ಪಣೆ ಹೋಗುತ್ತೆ, ಮೂಳೆಯೊಳಗಿನ ಮಜ್ಜೆ ಒಲೆ ಹಚ್ಚುತ್ತೆ. ಬೇಳೆ ಅಂದ್ರೆ ಕಬ್ಬಿಣ. ಅದು ಡಬ್ಬದಲ್ಲಿ ಇಲ್ಲದೆ ಹೋದ್ರೆ ಒಲೆ ಉರಿದು ಏನು ಬಂತು?'

'ಮಗುವಿಗೂ ಕಡಿಮೆ ಬೀಳುತ್ತಾ ಮೇಡಂ?' ಎಂದು ಕೇಳಿದ್ದೆ.

'ಮಗು ಮೊದಲನೇ ಪಂಕ್ತೀಲೇ ಉಂಡು ಎದ್ದಿರುತ್ತೆ. ತಾಯಿ ಯಾವಾಗಲೂ ಕೊನೇ ಪಂಕ್ತಿ. ನಮ್ಮ ಮನೆಗಳ ಹಾಗೇನೇ.'

ನೀವು ಪರೀಕ್ಷೆಗೆ ಏನು ಬೇಕಾದರೂ ಓದಿಕೊಳ್ಳಿ, ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಈಗ ಶಿವಲೀಲಳ ವಿಷಯ. ಊರಿನಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಮನೆಯ ಸೊಸೆ, ಚೊಚ್ಚಲ ಬಸುರಿ. ಅವಳನ್ನು ಕರೆತರುತ್ತಿದ್ದವರು ಅತ್ತೆ ರುದ್ರಮ್ಮ. ಹಣೆಯ ತುಂಬ ಮೂರು ಸಾಲು ವಿಭೂತಿ, ನೆಟ್ಟಗಿನ ಬೆನ್ನು, ಯಾರಿಗೂ ಸೊಪ್ಪು ಹಾಕದ ಮಾತು. ಸೊಸೆಗಿಂತ ಒಂದು ಹೆಜ್ಜೆ ಮುಂದೆ ಬಂದು, 'ಮೇಷ್ಟ್ರೇ, ಸೂಜಿ ಬಿಸಿನೀರಾಗೆ ಹಾಕಿದ್ದೀರೋ ಇಲ್ವೋ?' ಎಂದು ವಿಚಾರಣೆ ಮಾಡಿದ ಮೇಲೆಯೇ ಅವಳ ಕೈಯನ್ನು ನನಗೆ ಒಪ್ಪಿಸುತ್ತಿದ್ದರು. ಇಷ್ಟು ಕಾವಲು ಯಾಕೆ ಎಂದು ನನಗೆ ಹೇಳಿದ್ದು ನಮ್ಮ ನರ್ಸ್ ಕಮಲಮ್ಮ. ರುದ್ರಮ್ಮನವರ ಒಬ್ಬಳೇ ಮಗಳು ಗಂಗಾ, ಬಹಳ ವರ್ಷಗಳ ಹಿಂದೆ ಚೊಚ್ಚಲ ಹೆರಿಗೆಯಲ್ಲಿ ರಕ್ತ ಹೋಗಿ, ಶಿವಮೊಗ್ಗದ ಆಸ್ಪತ್ರೆ ತಲುಪುವ ಮುಂಚೆ ದಾರಿಯಲ್ಲೇ ತೀರಿಕೊಂಡಿದ್ದಳು.

ಶಿವಲೀಲಳ ರಕ್ತ ಮೊದಲ ಸಲ ಆರೂವರೆ ಗ್ರಾಂ ಬಂತು. ಹನ್ನೊಂದಾದರೂ ಇರಬೇಕಾದದ್ದು. ಮಾತ್ರೆ ಕೊಟ್ಟೆವು. ತಿಂಗಳು ಕಳೆದು ಬಂದಾಗ ಆರು. ನಳಿಕೆ ತೊಳೆದು ಮತ್ತೆ ನೋಡಿದೆ, ಆರೇ.

ಡಾಕ್ಟರಮ್ಮನ ಗಂಟಲು ಸ್ಟೇಷನ್ ಮುಟ್ಟಿತು. 'ಮಾತ್ರೆ ಹಿತ್ತಲಿಗೆ ಎಸೀತಿದ್ದಾಳೆ! ಇವಳಂಥವರನ್ನ ಎಷ್ಟು ಜನ ನೋಡಿಲ್ಲ ನಾನು!'

ಶಿವಲೀಲ ತಲೆ ತಗ್ಗಿಸಿದಳು. ರುದ್ರಮ್ಮ ತಗ್ಗಿಸಲಿಲ್ಲ. 'ನನ್ನ ಕೈಯಾರೆ ಕೊಡ್ತೀನಿ ಕಣ್ರಮ್ಮ. ನುಂಗಿದ ಮೇಲೆ ಬಾಯಿ ತೆಗೆಸಿ ನೋಡ್ತೀನಿ. ಕಪ್ಪಗೇ ಹೋಗ್ತೈತೆ ಅಂತಾಳೆ. ಕಪ್ಪಗೆ ಹೋದ್ರೆ ಒಳಗೆ ಹೋಗೈತೆ ಅಂತ ನೀವೇ ಅಲ್ವಾ ಹೇಳಿದ್ದು?'

ಡಾಕ್ಟರಮ್ಮ ಎಲ್ಲ ಪರೀಕ್ಷೆಯನ್ನೂ ಮಾಡಿ ಎಂದರು. ಕೊಕ್ಕೆಹುಳ ಇದ್ದರೆ ರಕ್ತ ಹೀರುತ್ತದೆ, ಮಲದಲ್ಲಿ ಅದರ ಮೊಟ್ಟೆ ಹುಡುಕಿದೆ, ಇರಲಿಲ್ಲ. ಮಲೇರಿಯಾ ಇರಲಿಲ್ಲ. ಗಾಜಿನ ಮೇಲೆ ರಕ್ತ ಸವರಿ ನೋಡಿದರೆ ಕಣಗಳು ಚಿಕ್ಕವು, ಬಿಳಿಚಿದವು, ನಡುವೆ ಬರೀ ಖಾಲಿ. ಕಬ್ಬಿಣ ಸಿಗದ ಮಜ್ಜೆ ಮಾಡುವ ಕಣಗಳು ಹಾಗೇ ಇರುತ್ತವೆ. ದಿನಾ ಕಬ್ಬಿಣ ನುಂಗುವವಳಿಗೆ ಕಬ್ಬಿಣ ಸಿಗುತ್ತಿಲ್ಲ! ಕಮಲಮ್ಮ ಗುಟ್ಟಾಗಿ, 'ಮಣ್ಣು ತಿಂತಿದ್ದೀಯೇನೇ ಇನ್ನೂ?' ಎಂದು ಕೇಳಿದರು. ಹಿಂದೊಮ್ಮೆ ಮನೆಗೆ ಹೋದಾಗ ಶಿವಲೀಲ ಗೋಡೆಯ ಕೆಮ್ಮಣ್ಣು ಕೆರೆದು ತಿನ್ನುವುದನ್ನು ಅವರು ಕಂಡು ಬಿಡಿಸಿದ್ದರು.

'ಇಲ್ಲಕ್ಕ, ಶಿವನಾಣೆ. ಒಂದು ಹರಳೂ ಮುಟ್ಟಿಲ್ಲ' ಎಂದಳು. ಅದು ನಿಜವೇ ಆಗಿತ್ತು.

ಡಾಕ್ಟರಮ್ಮ ರುದ್ರಮ್ಮನವರನ್ನು ಕೂರಿಸಿಕೊಂಡು, ಈ ರಕ್ತದಲ್ಲಿ ಇಲ್ಲಿ ಹೆರಿಗೆ ಮಾಡಿಸುವುದು ಅಪಾಯ, ಸ್ವಲ್ಪ ಹೆಚ್ಚು ರಕ್ತ ಹೋದರೂ ಇವಳು ತಡೆಯಲಾರಳು, ಏರದಿದ್ದರೆ ಶಿವಮೊಗ್ಗಕ್ಕೆ ಕಳಿಸಬೇಕು ಎಂದರು. ಶಿವಮೊಗ್ಗ ಎಂದ ಕೂಡಲೇ ಆ ಗಟ್ಟಿ ಹೆಂಗಸಿನ ಮುಖ ಇಳಿದುಹೋಯಿತು.

'ಬೇರೆ ಎಲ್ಲಿಗಾದ್ರೂ ಅನ್ನಿ. ಆ ದಾರಿ ಒಂದು ಬೇಡ' ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಾರನೆಯ ದಿನ ಮಾತ್ರೆಯನ್ನು ನಮ್ಮ ಕಣ್ಣೆದುರೇ ನುಂಗಲಿ ಎಂದು ಡಾಕ್ಟರಮ್ಮ ಹಟ ಹಿಡಿದರು. ಲ್ಯಾಬಿನ ಬೆಂಚಿನ ಮೇಲೆ ಶಿವಲೀಲ ಕೂತಳು. ಮಾತ್ರೆ ನುಂಗಿದಳು, ನೀರು ಕುಡಿದಳು, ಮುಖ ಕಿವುಚಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೆಳ್ಳನೆಯ ತುಂಡೊಂದನ್ನು ತೆಗೆದು ಕಟಕ್ಕನೆ ಕಚ್ಚಿದಳು. ಕಲ್ಲುಸಕ್ಕರೆ ತಿನ್ನುವವರ ಹಾಗೆ ನೆಮ್ಮದಿಯಾಗಿ ಜಗಿಯತೊಡಗಿದಳು. ನಾನು ಕೊಳವೆ ಬಾಯಲ್ಲಿಟ್ಟುಕೊಂಡೇ ತಿರುಗಿ ನೋಡಿದೆ.

'ಏನೇ ಅದು?' ಎಂದರು ಕಮಲಮ್ಮ.

'ವಿಭೂತಿ ಕಣಕ್ಕ.'

ರುದ್ರಮ್ಮನವರಿಗೆ ನಮ್ಮ ಗಾಬರಿಯೇ ಅರ್ಥವಾಗಲಿಲ್ಲ. 'ನಾನೇ ಕೊಟ್ಟಿದ್ದು. ಮಣ್ಣು ತಿನ್ಬಾರ್ದು ಅಂದ್ರಿ, ಬಿಡಿಸ್ದೆ. ಆದ್ರೆ ಹುಡುಗಿ ಬಾಯಿ ಸುಮ್ಕಿರಲ್ಲ, ಗೋಡೆ ಕಡೇನೇ ನೋಡ್ತಾಳೆ. ಅದಕ್ಕೆ ದೇವರ ಗೂಡಿನಾಗಿಂದ ತೆಗೆದು ಕೊಟ್ಟೆ. ಇದೇನ್ ಮಣ್ಣಾ? ಶಿವನ ವಿಭೂತಿ. ಮಾತ್ರೆ ತಕ್ಕಂಡಾಗ ಬರೋ ವಾಕರಿಕೇನೂ ನಿಂತೋಗ್ತದೆ.'

'ಎಷ್ಟು ಕೊಡ್ತೀರಿ?' ಎಂದರು ಕಮಲಮ್ಮ.

'ಮಾತ್ರೆಗೊಂದು ತುಂಡು. ಆಮೇಲೆ ಅವಳು ಕೇಳಿದಾಗ.'

ಡಾಕ್ಟರಮ್ಮ ಕೂಗಲು ಬಾಯಿ ತೆರೆದರು. ನಾನು ಕಣ್ಣು ಮುಚ್ಚಿಕೊಂಡೆ. ಆ ಮನೆಯವರು ಮಠಕ್ಕೆ ನಡೆದುಕೊಳ್ಳುವ ಭಕ್ತರು, ವಿಭೂತಿಯ ಬಗ್ಗೆ ಒಂದು ಮಾತು ಹೆಚ್ಚುಕಮ್ಮಿಯಾದರೂ ರುದ್ರಮ್ಮ ಸೊಸೆಯನ್ನು ಎಬ್ಬಿಸಿಕೊಂಡು ಹೊರಟುಬಿಡುತ್ತಾರೆ, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನನ್ನ ಭಯ. ಆದರೆ ಕೂಗು ಬರಲಿಲ್ಲ. ಕಣ್ಣು ಬಿಟ್ಟರೆ ಡಾಕ್ಟರಮ್ಮ ಬೆಂಚಿನ ಮೇಲೆ ರುದ್ರಮ್ಮನವರ ಪಕ್ಕ ಕೂತಿದ್ದರು.

'ಅಮ್ಮಾ, ವಿಭೂತಿಗೆ ನಾನು ಏನೂ ಅನ್ನಲ್ಲ. ಆದ್ರೆ ಅಂಗಡಿಯಲ್ಲಿ ಸಿಗೋ ಈ ಗಟ್ಟಿಯಲ್ಲಿ ಸುಣ್ಣದ ಅಂಶ ಇರುತ್ತೆ, ಬಿಳಿ ಮಣ್ಣಿರುತ್ತೆ. ಮಾತ್ರೆಯಲ್ಲಿರೋ ಕಬ್ಬಿಣವನ್ನ ಅದು ಹೊಟ್ಟೆಯಲ್ಲೇ ಹಿಡಿದಿಟ್ಕೊಳ್ಳುತ್ತೆ. ರಕ್ತಕ್ಕೆ ಸೇರೋಕೆ ಬಿಡಲ್ಲ. ನೀವು ಕೊಟ್ಟ ಮಾತ್ರೆ ಒಳಗೆ ಹೋಗಿದೆ, ಹಾಗೇ ಹೊರಗೂ ಹೋಗಿದೆ.'

ರುದ್ರಮ್ಮ ಸೊಸೆಯ ಕೈಯಲ್ಲಿದ್ದ ತುಂಡನ್ನೇ ನೋಡಿದರು. ಅವರ ಮುಖದಲ್ಲಿ ಅದೇನೋ ಲೆಕ್ಕಾಚಾರ ನಡೆಯುತ್ತಿತ್ತು, ಅದು ಏನೆಂದು ಆಗ ನನಗೆ ಹೊಳೆಯಲಿಲ್ಲ. ಕೊನೆಗೆ, 'ಹಣೆಗೆ ಮಾತ್ರ ಅಂತೀರಾ?' ಎಂದರು.

'ಹಣೆಗೆ ಮಾತ್ರ.'

ಸೊಸೆಯ ಕೈಯಿಂದ ಉಳಿದ ತುಂಡು ಇಸಿದುಕೊಂಡು, ಕಣ್ಣಿಗೆ ಒತ್ತಿ, ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ದಿನ ತುಂಬಲು ಹೆಚ್ಚು ಕಾಲವಿರಲಿಲ್ಲ. ಮಾತ್ರೆಯನ್ನು ನಂಬಿ ಕೂರದೆ ಡಾಕ್ಟರಮ್ಮ ಚಿಕ್ಕಮಗಳೂರಿನಿಂದ ಕಬ್ಬಿಣದ ಇಂಜೆಕ್ಷನ್ ತರಿಸಿದರು. ಮೈಗೆ ಒಗ್ಗುತ್ತದೋ ಎಂದು ಮೊದಲು ಸ್ವಲ್ಪವೇ ಕೊಟ್ಟು ನೋಡಿ, ಆಮೇಲೆ ದಿನ ಬಿಟ್ಟು ದಿನ ಕಮಲಮ್ಮ ಸೊಂಟದ ಕೆಳಗೆ ಚರ್ಮವನ್ನು ಪಕ್ಕಕ್ಕೆ ಎಳೆದು ಹಿಡಿದು ಕೊಡುತ್ತಿದ್ದರು. ಹಾಗೆ ಎಳೆಯದಿದ್ದರೆ ಔಷಧಿ ಸೋರಿ ಕಪ್ಪು ಕಲೆ ಉಳಿದುಬಿಡುತ್ತದೆ. ನೋವು ಜೋರು. ಶಿವಲೀಲ ಆ ನೋವಿಗೆ ಅಳಲಿಲ್ಲ, ವಿಭೂತಿಗಾಗಿ ಅತ್ತಳು. ಮನೆಯಲ್ಲಿ ರುದ್ರಮ್ಮ ದೇವರ ಗೂಡಿಗೆ ಬೀಗ ಹಾಕಿದರಂತೆ. ಇಡೀ ಅಜ್ಜಂಪುರದಲ್ಲಿ ಸೊಸೆಗೆ ಹೆದರಿ ಶಿವನನ್ನು ಬೀಗದೊಳಗಿಟ್ಟ ಮನೆ ಅದೊಂದೇ ಎಂದು ಕಮಲಮ್ಮ ನಗುತ್ತಿದ್ದರು.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ನಳಿಕೆಯಲ್ಲಿ ಇನ್ನೂ ಅದೇ ಎರಡನೇ ಸಲದ ಟೀ. 'ನಂಬರ್ ಈಗಲೇ ಏರಲ್ಲ ಕಣ್ರೀ, ಮೊದಲು ಎಳೇ ಕಣ ಬರಬೇಕು. ಅದನ್ನ ಹುಡುಕಿ' ಎಂದರು ಡಾಕ್ಟರಮ್ಮ. ಮಜ್ಜೆಯಿಂದ ಆಗ ತಾನೇ ಹೊರಬಂದ ಕೆಂಪು ಕಣದೊಳಗೆ ಸಣ್ಣ ಎಳೆಗಳು ಉಳಿದಿರುತ್ತವೆ. ರಕ್ತಕ್ಕೆ ಒಂದು ನೀಲಿ ಬಣ್ಣ ಬೆರೆಸಿ ಸ್ವಲ್ಪ ಹೊತ್ತು ಇಟ್ಟು ನೋಡಿದರೆ ಆ ಎಳೆಗಳು ನೀಲಿ ಬಲೆಯಾಗಿ ಕಾಣುತ್ತವೆ. ಒಂದೆರಡು ದಿನದಲ್ಲಿ ಕಣ ಬಲಿತರೆ ಬಲೆ ಮಾಯ. ಅಂದರೆ ನೀಲಿ ಬಲೆ ಹೆಚ್ಚು ಕಂಡರೆ ಒಳಗೆ ಅಡುಗೆ ಶುರುವಾಗಿದೆ ಎಂದರ್ಥ. ಮೊದಲ ಸಲ ನೋಡಿದಾಗ ಅಂಥ ಕಣವನ್ನು ಹುಡುಕಿ ಹುಡುಕಿ ನನಗೆ ಕತ್ತು ನೋವು ಬಂತು.

ಒಂದು ವಾರ ಕಳೆದಿರಬೇಕು. ಬೆಳಗಿನ ಬಿಸಿಲನ್ನು ಸೂಕ್ಷ್ಮದರ್ಶಕದ ಕನ್ನಡಿಗೆ ತಿರುಗಿಸಿಕೊಂಡು ಕೂತೆ. ಗಾಜು ಸರಿಸಿದಲ್ಲೆಲ್ಲ ನೀಲಿ ಬಲೆ. ಇಲ್ಲೊಂದು, ಅಲ್ಲೆರಡು, ಪಕ್ಕಕ್ಕೆ ಸರಿಸಿದರೆ ಮತ್ತೆ ಮೂರು. ಎದ್ದ ರಭಸಕ್ಕೆ ನನ್ನ ಸ್ಟೂಲು ಉರುಳಿತು. ನನ್ನ ಮನೆಯಲ್ಲೇ ಯಾರಿಗೋ ಜ್ವರ ಇಳಿದ ಹಾಗೆ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ, ಕಣ್ಣು ಒದ್ದೆಯಾಯಿತು. ಡಾಕ್ಟರಮ್ಮ ಓಡಿಬಂದು ಬಗ್ಗಿ ನೋಡಿ, 'ಬಂದ್ವಲ್ರೀ ಮರಿಗಳು!' ಎಂದು ಕೂಗಿದರು. ಆ ದಿನ ಅವರ ಗಂಟಲು ಸ್ಟೇಷನ್ ದಾಟಿಯೂ ಹೋಗಿರಬೇಕು.

ರುದ್ರಮ್ಮ ತಾವೂ ನೋಡಬೇಕೆಂದರು. ಕಣ್ಣಿಟ್ಟು, 'ಏನೋ ಉದ್ದಕೆ ಕರ್ರಗೆ ಅಡ್ಡ ಬಂದೈತಲ್ಲ' ಎಂದರು.

'ಅದು ನಿಮ್ಮ ರೆಪ್ಪೆ ಅಮ್ಮ. ಸ್ವಲ್ಪ ಹಿಂದೆ ಬನ್ನಿ.'

ಹಿಂದೆ ಬಂದರು. ಉಸಿರು ಬಿಗಿಹಿಡಿದು ನೋಡಿದರು. 'ಈ ನೀಲಿ ನೀಲಿ ಇರೋದೆಲ್ಲ ಇವಳ ಮೈಯಾಗೆ ಹುಟ್ಟಿದ್ದಾ?'

'ಹೌದಮ್ಮ, ಈ ಒಂದೆರಡು ದಿನದಲ್ಲಿ ಹುಟ್ಟಿದ್ದು.'

ಅವರು ಸೊಸೆಯ ತಲೆ ಸವರಿದರು.

ಅದಾದ ಮೇಲೆ ನಂಬರೂ ಏರತೊಡಗಿತು. ಏಳಾಯಿತು, ಎಂಟು ದಾಟಿತು. ಅದಕ್ಕಿಂತ ನನಗೆ ಆಶ್ಚರ್ಯವಾದದ್ದು ಶಿವಲೀಲ ಹೇಳಿದ ಮಾತು. ಇಂಜೆಕ್ಷನ್ನಿಗೆ ಬಂದವಳು ಲ್ಯಾಬಿನ ಬಾಗಿಲಲ್ಲಿ ನಿಂತು, 'ಅತ್ತೆ, ಗೂಡಿನ ಬೀಗ ತೆಗೀರಿ ಇನ್ನು. ನಂಗೆ ವಿಭೂತಿ ಬೇಕು ಅಂತಾನೇ ಅನ್ನಿಸ್ತಿಲ್ಲ' ಎಂದಳು. ಯಾರೂ ಗದರಿಸಿರಲಿಲ್ಲ, ಬುದ್ಧಿ ಹೇಳಿರಲಿಲ್ಲ. ಆಸೆ ತಾನಾಗಿ ಬಿಟ್ಟುಹೋಗಿತ್ತು.

ಇದಾದ ಕೆಲವು ವರ್ಷಕ್ಕೆ ನಮಗೆ ರಕ್ತದ ಬಣ್ಣವನ್ನು ತಾನೇ ಅಳೆಯುವ ಕಲರಿಮೀಟರ್ ಯಂತ್ರ ಬಂತು. ಮುಳ್ಳು ತೋರಿಸಿದ್ದೇ ಲೆಕ್ಕ, ಮೋಡದ ಹಂಗಿಲ್ಲ. ಕರೆಂಟಿನ ಹಂಗು ಮಾತ್ರ ಇತ್ತು, ಹಾಗಾಗಿ ಹಳೆಯ ನಳಿಕೆಯನ್ನು ನಾನು ಕಪಾಟಿನಿಂದ ಇಳಿಸುವುದು ತಪ್ಪಲಿಲ್ಲ. ಈಗ ನಿಮ್ಮ ಯಂತ್ರ ಒಂದು ಹನಿಗೆ ಒಂದು ಗಜ ಉದ್ದದ ಚೀಟಿ ಕೊಡುತ್ತದೆ. ಒಳ್ಳೆಯದೇ. ಆದರೆ ಬೆರಳು ಚುಚ್ಚಿಸಿಕೊಂಡವರು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರಲಿ, ಓಡಿಸಬೇಡಿ.

ಮತ್ತೆ ಶಿವಲೀಲಳ ವಿಷಯಕ್ಕೆ ಬರುತ್ತೇನೆ. ಹೆರಿಗೆಯ ದಿನ ಬೆಳಿಗ್ಗೆಯೇ ಅವಳಿಗೆ ನೋವು ಶುರುವಾಯಿತು. ರಕ್ತ ಹತ್ತರ ಹತ್ತಿರ ಬಂದಿತ್ತು. ಇಲ್ಲೇ ಮಾಡಿಸೋಣ ಎಂದು ಡಾಕ್ಟರಮ್ಮ ಒಪ್ಪಿದ್ದರೂ, ಶಿವಮೊಗ್ಗಕ್ಕೆ ಹೋಗಬೇಕಾದೀತೆಂದು ಜೀಪನ್ನು ಬಾಗಿಲಿಗೇ ನಿಲ್ಲಿಸಿದ್ದರು. ಶಿವಲೀಲಳ ತವರಿನ ಅಣ್ಣನ ರಕ್ತ ಅವಳಿಗೆ ಹೊಂದುತ್ತದೆ ಎಂದು ನಾನು ಮೊದಲೇ ನೋಡಿಟ್ಟಿದ್ದೆ, ಅವನೂ ಜೀಪಿನ ಪಕ್ಕ ನಿಂತಿದ್ದ. ರುದ್ರಮ್ಮ ಹೆರಿಗೆ ಕೋಣೆಯ ಎದುರಿನ ಬೆಂಚಿನಲ್ಲಿ ಕೂತಿದ್ದರು. ಜೀಪಿನ ಕಡೆ ಬೆನ್ನು ಹಾಕಿ.

ಮಧ್ಯಾಹ್ನದ ಹೊತ್ತಿಗೆ ಮಗು ಅತ್ತಿತು. ಕಮಲಮ್ಮ ಇಣುಕಿ, 'ಹೆಣ್ಣು! ಗುಂಡುಗುಂಡಗವಳೆ!' ಎಂದರು. ರುದ್ರಮ್ಮ ಏಳಲಿಲ್ಲ. ಗಂಗಾ ಹೋದದ್ದೂ ಮಗು ಅತ್ತ ಮೇಲೆಯೇ. ನಾವೆಲ್ಲ ಬಾಗಿಲನ್ನೇ ನೋಡುತ್ತ ನಿಂತೆವು. ಕೊನೆಗೆ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

'ಮಗುವಿನ ಹಿಂದೆ ಕಸಾನೂ ಪೂರ್ತಿ ಬಂತು. ರಕ್ತ ಹೋಗಬೇಕಾದಷ್ಟೇ ಹೋಗಿದೆ, ನಿಂತಿದೆ. ಆ ಡ್ರೈವರ್‌ಗೆ ಊಟಕ್ಕೆ ಹೋಗು ಅನ್ನಿ.'

ಜೀಪು ಹೊರಟ ಸದ್ದಿಗೆ ರುದ್ರಮ್ಮನವರ ಅಳು ಒಡೆಯಿತು. ಸಂತೋಷಕ್ಕೆ ಎಂದುಕೊಂಡೆ. ಡಾಕ್ಟರಮ್ಮ ಪಕ್ಕದಲ್ಲಿ ಕೂತು ಭುಜ ಹಿಡಿದರು.

'ನಮ್ಮ ಗಂಗಂಗೂ ಕೊಟ್ಟಿದ್ದೆ ಕಣಮ್ಮ' ಎಂದರು ರುದ್ರಮ್ಮ. 'ಅವಳೂ ಹಿಂಗೇ ಕೇಳೋಳು. ನಾನೇ ಗೂಡಿನಿಂದ ತೆಗೆದು ಕೊಡ್ತಿದ್ದೆ. ಅವತ್ತು ನೀವು ಹೇಳಿದ್ರಲ್ಲ, ಆವಾಗಿಂದ ನಂಗೆ ನಿದ್ದೆ ಇಲ್ಲ. ನನ್ನ ಮಗಳನ್ನ ನಾನೇ ಕೊಂದ್ನಾ?'

ಆ ಲೆಕ್ಕಾಚಾರ ಏನಿತ್ತೆಂದು ನನಗೆ ಆಗ ತಿಳಿಯಿತು. ಸೊಸೆಯನ್ನು ಕಾಯುತ್ತಲೇ ಅಷ್ಟೂ ದಿನ ಈ ಹೆಂಗಸು ಅದನ್ನು ಒಬ್ಬರೇ ಹೊತ್ತುಕೊಂಡಿದ್ದರು.

ಡಾಕ್ಟರಮ್ಮ ಕೇಳಿದರು: 'ಗಂಗಂಗೆ ಯಾರಾದ್ರೂ ಕಬ್ಬಿಣದ ಮಾತ್ರೆ ಕೊಟ್ಟಿದ್ರಾ?'

'ಆವಾಗ ಎಲ್ಲಿತ್ತಮ್ಮ ಮಾತ್ರೆ? ಯಾರ್ ಕೊಡೋರು?'

'ಮಾತ್ರೆನೇ ಇಲ್ಲದ ಮೇಲೆ ವಿಭೂತಿ ಅಡ್ಡ ಬಂದಿದ್ದು ಯಾವುದಕ್ಕೆ? ಕೇಳಿಸ್ಕೊಳ್ಳಿ. ವಿಭೂತಿ ತಿಂದು ರಕ್ತ ಇಳೀಲಿಲ್ಲ. ರಕ್ತ ಇಳಿದಿತ್ತು, ಅದಕ್ಕೇ ವಿಭೂತಿ ಬೇಕು ಅನ್ನಿಸ್ತು. ಶಿವಲೀಲಂಗೆ ರಕ್ತ ಏರ್ತಿದ್ದ ಹಾಗೆ ಆ ಆಸೆ ಹೋಗ್ಲಿಲ್ವಾ? ಗಂಗನ ಮೈ ಕಬ್ಬಿಣಕ್ಕೆ ಹಸಿದಿತ್ತು, ಅಷ್ಟೇ. ಕೇಳಿದ ಮಗಳಿಗೆ ನೀವು ಮನೆಯಲ್ಲಿ ಇದ್ದದ್ದನ್ನ ಕೊಟ್ರಿ.'

ರುದ್ರಮ್ಮ ನನ್ನ ಕಡೆ ತಿರುಗಿದರು. 'ನಿಜಾನಾ ಮೇಷ್ಟ್ರೇ? ನನ್ನ ಸಮಾಧಾನಕ್ಕೆ ಹೇಳ್ತಾವ್ರಾ?'

'ನಿಜ ಅಮ್ಮ' ಎಂದೆ. 'ಶಿವಲೀಲಂದು ನೀವೂ ನೋಡಿದ್ರಲ್ಲ, ಕಣ್ಣಾರೆ.'

ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಹಣೆಯ ವಿಭೂತಿಯೂ ಅದರ ಜೊತೆ ಅಳಿಸಿಹೋಯಿತು.

'ಹಂಗಾದ್ರೆ ನಾನಲ್ಲ.'

'ನೀವಲ್ಲ' ಎಂದರು ಡಾಕ್ಟರಮ್ಮ.

'ನಾನಲ್ಲ' ಎಂದು ಇನ್ನೊಮ್ಮೆ ತಮಗೇ ಹೇಳಿಕೊಂಡು ರುದ್ರಮ್ಮ ಎದ್ದರು, ಮಗು ನೋಡಲು ಒಳಗೆ ಹೋದರು.